ಕ್ವಾರ್ಟರಿನ ಲೆಕ್ಕ

ದಾವಣಗೆರೆಯಲ್ಲಿ ಸಮಾಜಕಾರ್ಯ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಆಪ್ತಸಮಾಲೋಚಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಮೇಜಿನ ಮೇಲಿರೋದು ಖಾಲಿ ಬಾಟಲಿ, ಯಾರೂ ಗಾಬರಿಯಾಗಬೇಡಿ. ಒಂದು 180 ಮಿಲಿಯ ಕ್ವಾರ್ಟರ್, ಪಕ್ಕದಲ್ಲಿ 90 ಮಿಲಿಯ ಟೆಟ್ರಾ ಪ್ಯಾಕ್. ಹಳ್ಳಿ ಕಡೆ ಇದಕ್ಕೆ ‘ನೈಂಟಿ’ ಅಂತಲೇ ಹೆಸರು. ಅದರಾಚೆ ಇರೋದು 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿ. ಇವತ್ತಿನ ಮಾತೆಲ್ಲ ಈ ಮೂರರ ಸುತ್ತಲೇ.

ಕುಡಿತದ ವಿಷಯ ಬಂದರೆ ನಾವು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ‘ಕುಡೀತಾನಾ, ಇಲ್ವಾ?’ ಹೆಣ್ಣು ಕೊಡುವಾಗ ಕೇಳುತ್ತೇವೆ, ಕೆಲಸಕ್ಕೆ ಇಟ್ಟುಕೊಳ್ಳುವಾಗ ಕೇಳುತ್ತೇವೆ, ಸಮೀಕ್ಷೆಯ ಫಾರಂನಲ್ಲೂ ಅದನ್ನೇ ಅಚ್ಚು ಹಾಕಿಸುತ್ತೇವೆ. ಮದುವೆ ಮಾತುಕತೆಗೆ ಆ ಪ್ರಶ್ನೆ ಸಾಕೇನೋ. ಸಂಶೋಧನೆಗೆ, ಚಿಕಿತ್ಸೆಗೆ, ಸರ್ಕಾರದ ನೀತಿಗೆ ಸಾಲದು. ಅಲ್ಲಿ ಬೇಕಾದದ್ದು ಎಷ್ಟು, ಎಷ್ಟು ದಿನಕ್ಕೊಮ್ಮೆ, ದಿನದ ಯಾವ ಹೊತ್ತಿನಲ್ಲಿ ಅನ್ನುವುದು.

ಮೊದಲು ಎಷ್ಟು ಅನ್ನೋದನ್ನ ನೋಡೋಣ. ಕ್ವಾರ್ಟರಿನ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಶೇ. 42.8 ಅಂತಿದೆ. ಅಂದರೆ 180 ಮಿಲಿಯಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 77 ಮಿಲಿ. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಮಿಲಿ 0.79 ಗ್ರಾಂ ತೂಗುತ್ತದೆ. 77ನ್ನು 0.79ರಿಂದ ಗುಣಿಸಿದರೆ 61 ಗ್ರಾಂ. ಸಂಶೋಧನೆಯಲ್ಲಿ 10 ಗ್ರಾಂ ಶುದ್ಧ ಆಲ್ಕೋಹಾಲನ್ನು ‘ಒಂದು ಡ್ರಿಂಕ್’ ಅಂತ ಹಿಡಿಯುತ್ತೇವೆ. ಆ ಲೆಕ್ಕಕ್ಕೆ ಒಂದು ಕ್ವಾರ್ಟರ್ ಅಂದರೆ ಆರು ಡ್ರಿಂಕ್, ಒಂದು ನೈಂಟಿ ಅಂದರೆ ಮೂರು. ಬಾರಿನಲ್ಲಿ ಅಳೆದು ಕೊಡುವ 30 ಮಿಲಿಯ ಸ್ಮಾಲ್ ಒಂದು ಡ್ರಿಂಕ್, 60ರ ಲಾರ್ಜ್ ಎರಡು. ಈಗ ಈ ಬಿಯರ್ ನೋಡಿ. ‘ನಾನು ಕುಡಿಯಲ್ಲ ಸರ್, ಬರೀ ಬಿಯರ್’ ಅನ್ನೋರು ಎಲ್ಲ ಊರಲ್ಲೂ ಇದ್ದಾರೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿಯಲ್ಲಿ 52 ಮಿಲಿ ಆಲ್ಕೋಹಾಲ್, ತೂಕ 41 ಗ್ರಾಂ, ಅಂದರೆ ನಾಲ್ಕು ಡ್ರಿಂಕ್. ಎರಡು ಬಾಟಲಿ ಬಿಯರ್ ಕುಡಿದವನು ಕ್ವಾರ್ಟರ್ ಕುಡಿದವನನ್ನ ಹಿಂದೆ ಹಾಕಿರುತ್ತಾನೆ. ಯಕೃತ್ತಿಗೆ ಬ್ರ್ಯಾಂಡು ಗೊತ್ತಾಗೋದಿಲ್ಲ, ಗ್ರಾಂ ಗೊತ್ತಾಗುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನೋದನ್ನ ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೊರತಂದ ‘ಆಡಿಟ್’ ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿ ಇದೆ. (ಹೆಸರು ಕೇಳಿ ಅಂಗಡಿಯವರು ಹೆದರಬೇಕಿಲ್ಲ, ಇದು ಬೇರೆ ಆಡಿಟ್.) ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಅಪಾಯದ ಕುಡಿತ, 20 ಅಥವಾ ಹೆಚ್ಚು ಬಂದರೆ ಅವಲಂಬನೆ, ಅಂದರೆ ಕುಡಿಯದೆ ದಿನ ನಡೆಯದ ಸ್ಥಿತಿ, ಇರಬಹುದು ಅಂತ ಪೂರ್ಣ ತಪಾಸಣೆಗೆ ಕಳಿಸಬೇಕು. ಇದರ ಮೊದಲ ಮೂರು ಪ್ರಶ್ನೆಗಳನ್ನಷ್ಟೇ ಬಳಸುವ ಚಿಕ್ಕ ರೂಪವೂ ಉಂಟು. ಅದಕ್ಕೆ 12 ಅಂಕ, ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಎಚ್ಚರಿಕೆ.

ಎಪಿಎಂಸಿಯಲ್ಲಿ ಮೂಟೆ ಹೊರುವ ಒಬ್ಬ ಹಮಾಲಿ ಇದ್ದಾನೆ ಅಂತಿಟ್ಟುಕೊಳ್ಳಿ. ವಾರವೆಲ್ಲ ಮುಟ್ಟುವುದಿಲ್ಲ. ಶನಿವಾರ ಬಟವಾಡೆ ಆದ ಮೇಲೆ ಒಂದು ಕ್ವಾರ್ಟರ್, ಅಷ್ಟೇ. ಮೊದಲ ಪ್ರಶ್ನೆ, ಎಷ್ಟು ಸಲ? ವಾರಕ್ಕೊಮ್ಮೆ ಅಂದರೆ ತಿಂಗಳಿಗೆ ನಾಲ್ಕು ಸಲ, 2 ಅಂಕ. ಎರಡನೆಯದು, ಕುಡಿಯುವ ದಿನ ಎಷ್ಟು ಡ್ರಿಂಕ್? ಅವನು ‘ಒಂದು’ ಅನ್ನುತ್ತಾನೆ. ಅವನ ಪಾಲಿಗೆ ಒಂದೇ, ಒಂದು ಕ್ವಾರ್ಟರ್. ಫಾರಂ ತುಂಬುವವರು ಒಂದು ಅಂತಲೇ ಬರೆದುಕೊಂಡರೆ ಅಂಕ ಸೊನ್ನೆ. ಮೂರನೆಯದು, ಒಂದೇ ಕೂತಲ್ಲಿ ಆರು ಡ್ರಿಂಕ್ ಅಥವಾ ಹೆಚ್ಚು ಎಷ್ಟು ಸಲ? ‘ಅಯ್ಯೋ, ಆರಾ! ಯಾವತ್ತೂ ಇಲ್ಲ.’ ಸೊನ್ನೆ. ಒಟ್ಟು 2, ಮನುಷ್ಯ ಪಾಸು. ಬಾಟಲಿ ತೋರಿಸಿ ಕೇಳಿದ್ದರೆ? ಎರಡನೇ ಪ್ರಶ್ನೆಗೆ ಆರು ಡ್ರಿಂಕ್, 2 ಅಂಕ. ಮೂರನೆಯದಕ್ಕೆ ವಾರಕ್ಕೊಮ್ಮೆ, 3 ಅಂಕ. ಒಟ್ಟು 7. ಅದೇ ಮನುಷ್ಯ, ಅದೇ ಶನಿವಾರ. ಒಬ್ಬರ ಕೈಯಲ್ಲಿ 2, ಇನ್ನೊಬ್ಬರ ಕೈಯಲ್ಲಿ 7. ಆದ್ದರಿಂದ ಮೂರನೇ ಪ್ರಶ್ನೆಯನ್ನ ನಮ್ಮ ಕಡೆ ‘ಒಂದೇ ಕೂತಲ್ಲಿ ಕ್ವಾರ್ಟರ್ ಅಥವಾ ಅದಕ್ಕಿಂತ ಜಾಸ್ತಿ ಎಷ್ಟು ಸಲ ಆಗುತ್ತೆ?’ ಅಂತ ಕೇಳಬೇಕು. ಆರು ಡ್ರಿಂಕಿಗೆ ಒಂದು ಕ್ವಾರ್ಟರ್ ಸರಿಯಾಗಿ ಕೂರುವುದು ನಮ್ಮ ಅದೃಷ್ಟ ಅನ್ನಿ.

ಕೇಳುವ ಭಾಷೆಯೂ ಅಷ್ಟೇ ಮುಖ್ಯ. ‘ಕುಡಿಯುತ್ತೀರಾ?’ ಅಂದ ತಕ್ಷಣ ಕನ್ನಡದ ಕಿವಿಗೆ ‘ಕುಡುಕ’ ಅನ್ನೋ ಪದ ಹಿಂದೆಯೇ ಕೇಳಿಸುತ್ತದೆ. ಉತ್ತರ ‘ಇಲ್ಲ’ ಅಂತಲೇ ಬರುತ್ತದೆ. ‘ಡ್ರಿಂಕ್ಸ್ ತಗೊಳ್ತೀರಾ’, ‘ಎಣ್ಣೆ ಅಭ್ಯಾಸ ಇದೆಯಾ’ ಅಂದರೆ ಮುಖ ಸ್ವಲ್ಪ ಸಡಿಲವಾಗುತ್ತದೆ. ಇನ್ನೂ ಒಳ್ಳೆಯದು ದಿನ ಹಿಡಿದು ಹಿಂದಕ್ಕೆ ಹೋಗುವುದು. ನಿನ್ನೆ ಏನಾಯ್ತು, ಮೊನ್ನೆ ಏನಾಯ್ತು, ಹೀಗೆ ಏಳು ದಿನ. ‘ಕಳೆದ 30 ದಿನಗಳಲ್ಲಿ’ ಅನ್ನೋದು ಫಾರಂ ಭಾಷೆ, ಯಾರ ನೆನಪೂ ಹಾಗೆ ಕೆಲಸ ಮಾಡುವುದಿಲ್ಲ. ಅಮಾವಾಸ್ಯೆ, ಸಂತೆ ದಿನ, ಬಟವಾಡೆ, ಯಾರದೋ ಮನೆಯ ಬೀಗರೂಟ, ಇಂಥ ಗೂಟಗಳಿಗೆ ಕಟ್ಟಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೀಗರೂಟದಲ್ಲಿ ಒಂದು ತೊಡಕಿದೆ. ಅಲ್ಲಿ ‘ಫುಲ್ ಬಾಟ್ಲಿ ಮೂರು ಜನ’ ಅನ್ನುತ್ತಾರೆ. 750 ಮಿಲಿಯ ಫುಲ್‌ನಲ್ಲಿ 25 ಡ್ರಿಂಕ್, ತಲೆಗೆ ಎಂಟು. ಲೋಟಕ್ಕೆ ಸುರಿದದ್ದು ಕಣ್ಣಳತೆ. ಹಾಗಾಗಿ ಲೋಟದ ಲೆಕ್ಕ ಕೇಳಬೇಡಿ, ಬಾಟಲಿ ಮತ್ತು ತಲೆಯ ಲೆಕ್ಕ ಕೇಳಿ.

ಮನೆಯ ಜಗುಲಿ ಮೇಲೆ ಹೆಂಡತಿ ಬಾಗಿಲಲ್ಲಿ ನಿಂತಿರುವಾಗ ಗಂಡ ಕೊಡುವ ಉತ್ತರ ಹೆಂಡತಿಗೆ ಕೊಡುವ ಉತ್ತರ. ಇಬ್ಬರು ಹೋಗಿ, ಒಬ್ಬರು ಒಳಗೆ ಕೂತು ಹೆಂಗಸರ ಜೊತೆ ಬೇರೆ ಮಾತಾಡಲಿ. ಎದುರಿಗಿರುವವರು ಆ ಹೊತ್ತಿಗೆ ಕುಡಿದಿದ್ದರೆ ಸಂದರ್ಶನ ಬೇಡ. ಆಗ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಮರುದಿನ ಬೆಳಿಗ್ಗೆ ಬನ್ನಿ.

ಸಮೀಕ್ಷೆ ಯಾವ ತಿಂಗಳಲ್ಲಿ ಮಾಡುತ್ತೀರಿ ಅನ್ನುವುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಶ್ರಾವಣದಲ್ಲಿ ಮಾಡಿದರೆ ನಮ್ಮ ಜಿಲ್ಲೆ ಸಾತ್ವಿಕವಾಗಿ ಕಾಣುತ್ತದೆ. ಅಯ್ಯಪ್ಪನ ಮಾಲೆ ಹಾಕುವ ದಿನಗಳಲ್ಲಿ ಮಾಡಿದರೆ ಕೆಲವು ಕೇರಿಗಳಲ್ಲಿ ಕುಡಿಯುವವರೇ ಸಿಗುವುದಿಲ್ಲ. ಯುಗಾದಿಯ ಮರುದಿನದ ಕರಿಗೋ, ದುರ್ಗಮ್ಮನ ಜಾತ್ರೆಯ ವಾರಕ್ಕೋ ಹೋದರೆ ಉಲ್ಟಾ. ವರ್ಷದಲ್ಲಿ ಕನಿಷ್ಠ ಎರಡು ಸುತ್ತು ಹೋಗಬೇಕು. ಒಂದೇ ಸುತ್ತಿಗೆ ಹಣ ಇರುವುದಾದರೆ ಹಬ್ಬ, ವ್ರತ ಎರಡೂ ಇಲ್ಲದ ತಿಂಗಳು ಆರಿಸಿ, ವರದಿಯಲ್ಲಿ ಆ ತಿಂಗಳ ಹೆಸರು ಬರೆಯಿರಿ.

ದೇಶದ ಮಟ್ಟದಲ್ಲೂ ಈ ಗೊಂದಲ ಇದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. 2 ಲಕ್ಷ ಮನೆ, 4.7 ಲಕ್ಷಕ್ಕೂ ಹೆಚ್ಚು ಜನರನ್ನ ಮಾತಾಡಿಸಿದ್ದರು. 10ರಿಂದ 75 ವರ್ಷದ ಗಂಡಸರಲ್ಲಿ ಶೇ. 27.3 ಮಂದಿ, ಹೆಂಗಸರಲ್ಲಿ ಶೇ. 1.6 ಮಂದಿ ಕುಡಿಯುತ್ತಾರೆ ಅಂದಿತು ಅದು. ಅದೇ ಹೊತ್ತಿಗೆ, 2019ರಿಂದ 21ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15 ದಾಟಿದ ಗಂಡಸರಲ್ಲಿ ಸುಮಾರು ಶೇ. 19 ಅಂದಿತು. ಹತ್ತು ವರ್ಷದ ಹುಡುಗರನ್ನೂ ಸೇರಿಸಿಕೊಂಡ ಸಮೀಕ್ಷೆಯಲ್ಲಿ ಪ್ರಮಾಣ ಕಡಿಮೆ ಬರಬೇಕಿತ್ತು, ಹೆಚ್ಚು ಬಂದಿದೆ! ಒಂದು ಸಮೀಕ್ಷೆ ಮಾದಕ ವಸ್ತುವಿನ ಬಗ್ಗೆಯೇ, ಕಳೆದ ಹನ್ನೆರಡು ತಿಂಗಳು ಅಂತ ಅವಧಿ ಹಿಡಿದು ಕೇಳುತ್ತದೆ. ಇನ್ನೊಂದು ಮಕ್ಕಳು, ಲಸಿಕೆ, ರಕ್ತಹೀನತೆ ಅಂತ ನೂರೆಂಟು ಪ್ರಶ್ನೆಗಳ ನಡುವೆ ‘ಮದ್ಯ ಸೇವಿಸುತ್ತೀರಾ’ ಅಂತ ಒಂದು ಮಾತು ಕೇಳುತ್ತದೆ. ಅಂತರ ಇಷ್ಟಾಗಲು ಇದೂ ಒಂದು ಕಾರಣ ಅನ್ನೋದು ನಮ್ಮ ಅಂದಾಜು. ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ‘ಕುಡಿತ ಇಳಿದಿದೆ’ ಅಂತ ತಲೆಬರಹ ಕೊಡುವ ಪತ್ರಿಕೆಯನ್ನು ನಂಬಬೇಡಿ. ಜನ ಹೇಳಿಕೊಂಡ ಕುಡಿತವನ್ನೆಲ್ಲ ಕೂಡಿಸಿದರೂ ಅಂಗಡಿಯಲ್ಲಿ ಮಾರಾಟವಾದದ್ದರ ಅರ್ಧದ ಆಸುಪಾಸಿಗೆ ನಿಲ್ಲುವುದು ಬಹಳ ದೇಶಗಳ ಅನುಭವ. ಬಾಕಿ ಅರ್ಧ ಯಾರೂ ಕುಡಿದಿಲ್ಲ!

ಮನೆಮನೆ ಸಮೀಕ್ಷೆಗೆ ಸಿಗದವರೂ ಇದ್ದಾರೆ. ಲಾಡ್ಜು, ಹಾಸ್ಟೆಲ್, ಜೈಲು, ಬಸ್‌ಸ್ಟ್ಯಾಂಡ್ ಮತ್ತು ರೈಲ್ವೆ ಸ್ಟೇಷನ್ನಿನ ಸುತ್ತ ಮಲಗುವವರು. ಗಾಂಜಾ, ನೋವಿನ ಗುಳಿಗೆ, ಇಂಜೆಕ್ಷನ್ ವಿಷಯದಲ್ಲಂತೂ ಮನೆ ಬಾಗಿಲು ತಟ್ಟಿ ಉಪಯೋಗವಿಲ್ಲ. ಅಲ್ಲಿ ನಡೆಯುವುದು ಕೂಪನ್ ವಿಧಾನ. ನಂಬಿಕೆ ಇಟ್ಟ ನಾಲ್ಕೈದು ಜನರಿಂದ ಶುರು ಮಾಡಿ, ಒಬ್ಬೊಬ್ಬರಿಗೂ ಮೂರೇ ಕೂಪನ್ ಕೊಟ್ಟು, ಅವರು ತಮ್ಮ ಬಳಗದಿಂದ ಕರೆತರುತ್ತಾರೆ. ಮೂರೇ ಯಾಕೆ ಅಂದರೆ, ಹೆಚ್ಚು ಕೊಟ್ಟರೆ ಒಬ್ಬನ ಗೆಳೆಯರೇ ಇಡೀ ಮಾದರಿ ತುಂಬಿಬಿಡುತ್ತಾರೆ. ಪ್ರತಿಯೊಬ್ಬರನ್ನೂ ‘ಇದನ್ನ ಬಳಸೋರು ನಿಮಗೆ ಎಷ್ಟು ಜನ ಗೊತ್ತು’ ಅಂತ ಕೇಳಿ ಬರೆದುಕೊಳ್ಳಬೇಕು, ಆಮೇಲಿನ ತೂಕ ಹಾಕುವ ಲೆಕ್ಕವೆಲ್ಲ ಆ ಸಂಖ್ಯೆಯ ಮೇಲೆ. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವ ಮಕ್ಕಳನ್ನಂತೂ ಎಲ್ಲರೂ ಮರೆಯುತ್ತಾರೆ. 2019ರ ಆ ವರದಿಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿ ಕಂಡದ್ದು ಈ ಮೂಸುವ ವಸ್ತುಗಳು: ಮಕ್ಕಳಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಪೊಲೀಸ್ ಭಯದಿಂದ ಚಿಕಿತ್ಸೆಗೆ ಬಾರದವರಿಗೆ ಒಂದು ಮಾತು ತಿಳಿಸಿ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮಿನ ಪ್ರಕಾರ, ಬಳಸಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೋ ಪ್ರಕರಣ ಎದುರಿಸುವ ವ್ಯಸನಿ, ತಾನಾಗಿ ಮುಂದೆ ಬಂದು ಮಾನ್ಯತೆ ಇರುವ ಕಡೆ ಚಿಕಿತ್ಸೆ ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ವಿನಾಯಿತಿ ಇದೆ.

ಚಿಕಿತ್ಸೆಗೆ ಬರೋಣ. ಅದೇ ವರದಿಯ ಇನ್ನೊಂದು ಅಂಕಿ: ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾದವರು 180ರಲ್ಲಿ ಒಬ್ಬರು. ಉಳಿದವರು ಏನು ಮಾಡುತ್ತಾರೆ? ತಾವೇ ಬಿಡುತ್ತಾರೆ. ದೇವರ ಮುಂದೆ ಆಣೆ ಇಟ್ಟು, ಶ್ರಾವಣದ ಮೊದಲ ದಿನ ಅಂತ, ಮಾಲೆ ಹಾಕಿದ ದಿನ ಅಂತ. ಶನಿವಾರದ ನಮ್ಮ ಹಮಾಲಿ ಹೀಗೆ ಬಿಟ್ಟರೆ ಏನೂ ಆಗುವುದಿಲ್ಲ, ಒಳ್ಳೆಯದೇ. ದಿನಾ ಎರಡು ಕ್ವಾರ್ಟರ್ ಕುಡಿಯುವ, ಬೆಳಿಗ್ಗೆ ಒಂದು ನೈಂಟಿ ಬೀಳದೆ ಕೈ ನಡುಕ ನಿಲ್ಲದ ಮನುಷ್ಯ ಹೀಗೆ ಒಂದೇ ಏಟಿಗೆ ಬಿಟ್ಟರೆ ಜೀವಕ್ಕೆ ಕುತ್ತು. ‘ಎಷ್ಟು’ ಅಂತ ಕೇಳದಿದ್ದರೆ ಈ ಇಬ್ಬರೂ ನಮಗೆ ಒಂದೇ ಥರ ಕಾಣುತ್ತಾರೆ, ಇಬ್ಬರಿಗೂ ‘ಬಿಟ್ಟುಬಿಡಪ್ಪ’ ಅಂತ ಒಂದೇ ಬುದ್ಧಿವಾದ ಹೇಳುತ್ತೇವೆ.

ಗಂಟೆಗಳ ಲೆಕ್ಕ ಹೀಗಿದೆ. ಕೊನೆಯ ಗುಟುಕಿನ ನಂತರ ಆರರಿಂದ ಎಂಟು ಗಂಟೆಗೆ ನಡುಕ, ಬೆವರು, ವಾಕರಿಕೆ, ನಿದ್ದೆ ಇಲ್ಲ. ಆರರಿಂದ 48 ಗಂಟೆಯ ಒಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಬುದ್ಧಿಭ್ರಮೆ ಶುರುವಾಗುತ್ತದೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತು, ಊರು ಯಾವುದು ದಿನ ಯಾವುದು ಗೊತ್ತಾಗದಿರುವುದು, ಜ್ವರ, ಎದೆಬಡಿತ. ಇದಕ್ಕೆ ‘ಡೆಲಿರಿಯಂ ಟ್ರೆಮೆನ್ಸ್’ ಅಂತ ಹೆಸರು, ಆಸ್ಪತ್ರೆಯವರು ‘ಡಿಟಿ’ ಅನ್ನುತ್ತಾರೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮೂಳೆ ವಾರ್ಡಿಗೆ ಸೇರಿದವರಲ್ಲಿ ಇದನ್ನ ನೋಡಬೇಕು. ಸೋಮವಾರ ಸೇರಿದ್ದಾರೆ, ಬುಧವಾರ ರಾತ್ರಿ ಕಟ್ಟು ಕಿತ್ತು ಓಡಲು ನೋಡುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸಲು ಹೊರಡುತ್ತಾರೆ. ಸೇರಿಸುವಾಗ ‘ಕೊನೆಯ ಸಲ ಯಾವಾಗ, ಎಷ್ಟು’ ಅನ್ನೋ ಎರಡು ಮಾತು ಕೇಸ್‌ಶೀಟಿನಲ್ಲಿ ಬರೆದಿದ್ದರೆ ಬುಧವಾರ ರಾತ್ರಿಯನ್ನ ಸೋಮವಾರವೇ ತಡೆಯಬಹುದಿತ್ತು. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್, ಯಕೃತ್ತು ಕೆಟ್ಟಿದ್ದರೆ ಲೋರಾಜೆಪಾಮ್, ನಡುಕ, ಫಿಟ್ಸ್ ತಡೆಯುವ ಈ ಗುಳಿಗೆಗಳನ್ನ ವೈದ್ಯರ ಕಣ್ಗಾವಲಿನಲ್ಲಿ ಶುರು ಮಾಡಿ ಐದರಿಂದ ಏಳು ದಿನದಲ್ಲಿ ಇಳಿಸುತ್ತಾ ಬರುವುದು ರೂಢಿ. ಇದನ್ನ ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲಿ ಪ್ರಯೋಗ ಮಾಡುವಂತಿಲ್ಲ. ಈ ಗುಳಿಗೆಯ ಮೇಲೆ ಮತ್ತೆ ಕುಡಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು ನಮ್ಮ ಊರುಗಳದ್ದೇ ಅಭ್ಯಾಸ: ಸುಸ್ತಾಗಿದ್ದಾನೆ, ‘ಒಂದು ಗ್ಲೂಕೋಸ್ ಬಾಟ್ಲಿ ಹಾಕ್ಸಿ’. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ತಳ ಕಂಡಿರುತ್ತದೆ. ಗ್ಲೂಕೋಸನ್ನ ಉರಿಸಲು ಮೆದುಳಿಗೆ ಥಯಾಮಿನ್ ಬೇಕು. ಇರುವ ಚೂರುಪಾರನ್ನೂ ಆ ಬಾಟಲಿ ಎಳೆದುಕೊಂಡುಬಿಟ್ಟರೆ ಕಣ್ಣುಗುಡ್ಡೆ ಸರಿಯಾಗಿ ಆಡುವುದಿಲ್ಲ, ನಡಿಗೆ ತೂರಾಡುತ್ತದೆ, ಮನಸ್ಸು ಮಸುಕಾಗುತ್ತದೆ. ಆಗ ಹಿಡಿಯದಿದ್ದರೆ ನೆನಪು ಶಾಶ್ವತವಾಗಿ ಹೋಗಬಹುದು. ತೂರಾಟ ನೋಡಿ ‘ಮತ್ತೆ ಕುಡಿದಿದ್ದಾನೆ’ ಅಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಗ್ಲೂಕೋಸಿಗೆ ಮೊದಲು, ಇಲ್ಲವೇ ಅದರ ಜೊತೆಗೇ ಥಯಾಮಿನ್ ಇಂಜೆಕ್ಷನ್. ಆಶಾ ಕಾರ್ಯಕರ್ತೆಯರು ಇದೊಂದನ್ನ ವೈದ್ಯರಿಗೆ ನೆನಪಿಸಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ’ ಅನ್ನೋ ಜಾಹೀರಾತಿನ ಪುಡಿ ನೀವೆಲ್ಲ ನೋಡಿದ್ದೀರಿ. ಪುಡಿಯ ಹೆಸರು ಏನೇ ಇರಲಿ, ಒಳಗೆ ಏನಿದೆ ಅಂತ ತಿಳಿಯದೆ ಯಾರಿಗೂ ಕದ್ದು ಕೊಡಬಾರದು. ಡೈಸಲ್ಫಿರಾಮ್ ಅನ್ನೋ ಮಾತ್ರೆಯನ್ನೂ ಕೆಲವರು ಹೀಗೆ ಸಾರಿಗೆ ಬೆರೆಸುತ್ತಾರೆ. ಅದು 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಿಂದ ಬಂದ ಹಳೆಯ, ಒಳ್ಳೆಯ ಔಷಧಿಯೇ. ಆಲ್ಕೋಹಾಲ್ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡನ್ನ ಮುಂದಕ್ಕೆ ಒಡೆಯಲು ಬಿಡುವುದಿಲ್ಲ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ನುಂಗುವವನಿಗೆ ಇದು ಗೊತ್ತಿದ್ದರೆ ಆ ಹೆದರಿಕೆಯೇ ಔಷಧಿ, ಗೊತ್ತಿಲ್ಲದಿದ್ದರೆ ವಿಷ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಇರಬಹುದು. ಆಸೆಯನ್ನ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ, ಯಕೃತ್ತು ಕೆಟ್ಟವರಿಗೆ ಬ್ಯಾಕ್ಲೋಫೆನ್ ಕೊಡುವುದೂ ಇದೆ. ಅಕಾಂಪ್ರೊಸೇಟಿನ ತೊಂದರೆ ಬೇರೆ: 333 ಮಿಲಿಗ್ರಾಂನ ಗುಳಿಗೆ ದಿನಕ್ಕೆ ಆರು. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ರಾತ್ರಿ ಎರಡು ನುಂಗುವುದನ್ನ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು ಎಷ್ಟು ದಿನ ನಡೆಸಿಯಾರು? ಮಧ್ಯಾಹ್ನದ್ದು ಮೊದಲು ತಪ್ಪುತ್ತದೆ.

ಅವಲಂಬನೆಗೆ ಇನ್ನೂ ಬೀಳದ, ಆಡಿಟ್‌ನಲ್ಲಿ 12ರಿಂದ 19 ಬರುವ ಗಂಡಸರಿಗೆ ಮಾತ್ರೆಗಿಂತ ಮಾತೇ ಮೇಲು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಸಂಸ್ಥೆಯವರು ಮಾಡಿದ ಪ್ರಯೋಗ 2017ರಲ್ಲಿ ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನರೇ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದ್ದು. ಮೂರು ತಿಂಗಳ ನಂತರ, ಅದರ ಹಿಂದಿನ ಎರಡು ವಾರ ಕುಡಿಯದೆ ಇದ್ದವರು ಮಾತಾಡಿಸಿದ ಗುಂಪಿನಲ್ಲಿ ಶೇ. 42, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 18. ದಾವಣಗೆರೆಯ ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಇರುವ ಕೆಲಸದ ಹೊರೆ ನೋಡಿದರೆ ಇದನ್ನೂ ಅವರ ತಲೆಗೆ ಕಟ್ಟಿ ಅನ್ನಲು ನಾಲಿಗೆ ಏಳುವುದಿಲ್ಲ. ಬೇರೆ ಜನ, ಬೇರೆ ಸಂಬಳ ಬೇಕು.

ಕುಡಿತ ಬಿಡಿಸುವ ಶಿಬಿರಗಳ ಮಾತಿಗೆ ಬರೋಣ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರ ನಮ್ಮ ತಾಲ್ಲೂಕುಗಳಿಗೆ ಹೊಸದಲ್ಲ. ಅದರ ಬಲ ಇರುವುದು ಶಿಬಿರದ ನಂತರ. ಪಾನಮುಕ್ತರ ನವಜೀವನ ಸಮಿತಿ, ಹೆಂಡತಿ ಮಕ್ಕಳನ್ನ ಜೊತೆಗೆ ತರುವುದು, ಊರಿನವರೇ ಮುಂದೆ ನಿಲ್ಲುವುದು, ಇದು ಆಸ್ಪತ್ರೆಗೆ ಒಗ್ಗದ ವಿದ್ಯೆ. ಮೊದಲ ನಾಲ್ಕು ದಿನ ಮಾತ್ರ ನಾನು ಹೇಳಿದ ಆ ಗಂಟೆಗಳೇ. ಯಾವುದೇ ಸಂಸ್ಥೆ ಶಿಬಿರ ಮಾಡಲಿ, ವೈದ್ಯರು, ನರ್ಸು, ರಾತ್ರಿ ಕಾವಲಿಗೆ ಜನ ಇಲ್ಲದೆ ಬೆಳಿಗ್ಗೆ ಕೈ ನಡುಗುವವರನ್ನ ಸೇರಿಸಿಕೊಳ್ಳಬಾರದು. ಫಲಿತಾಂಶದ ಲೆಕ್ಕದಲ್ಲೂ ಒಂದು ಮೋಸ ನುಸುಳುತ್ತದೆ. 60 ಜನ ಸೇರಿದ್ದರು ಅಂತಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಹುಡುಕಿದರೆ 30 ಜನ ಸಿಕ್ಕರು, ಅವರಲ್ಲಿ 20 ಜನ ಕುಡಿಯುತ್ತಿಲ್ಲ. ‘ಮೂರನೇ ಎರಡು ಭಾಗ ಯಶಸ್ಸು’ ಅಂತ ಬ್ಯಾನರ್ ಬೀಳುತ್ತದೆ. ಸಿಗದ 30 ಜನ ಯಾಕೆ ಸಿಗಲಿಲ್ಲ? ಕುಡಿಯುವುದನ್ನ ಬಿಟ್ಟವರು ಸಾಮಾನ್ಯವಾಗಿ ಎದುರಿಗೆ ಬರುತ್ತಾರೆ, ಮತ್ತೆ ಹಿಡಿದವರು ಗಲ್ಲಿ ತಪ್ಪಿಸಿ ಹೋಗುತ್ತಾರೆ. ಸಿಗದವರನ್ನೆಲ್ಲ ಕುಡಿಯುತ್ತಿದ್ದಾರೆ ಅಂತಲೇ ಹಿಡಿದು 60ಕ್ಕೆ 20 ಅನ್ನುವುದು ಪ್ರಾಮಾಣಿಕ ಲೆಕ್ಕ. ಮೂರರಲ್ಲಿ ಒಬ್ಬರು ಅನ್ನೋದೂ ಕಡಿಮೆ ಫಲವಲ್ಲ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸುವ ಮೊದಲು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯೊಳಗೆ ಮದ್ಯ ಮಾದಕ ವಸ್ತುಗಳಿಂದಾದ ಮಾನಸಿಕ ಸ್ಥಿತಿಯೂ ಬರುತ್ತದೆ. ಸರಪಳಿ ಹಾಕುವುದನ್ನ ಆ ಕಾಯ್ದೆಯ 95ನೇ ಕಲಮು ನೇರವಾಗಿ ನಿಷೇಧಿಸಿದೆ. ‘ಮೂರು ತಿಂಗಳು ಯಾರೂ ನೋಡಲು ಬರಬಾರದು, ಫೋನ್ ಇಲ್ಲ’ ಅನ್ನೋ ಕೇಂದ್ರದ ಗೇಟಿನಿಂದಲೇ ವಾಪಸ್ ಬನ್ನಿ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ.

ಹೆದ್ದಾರಿಯಲ್ಲಿ ಲಾರಿ ಓಡಿಸುವವರಿಗೆ ಒಂದು ಗ್ರಾಂ ಲೆಕ್ಕ ಕೊಟ್ಟು ಮುಂದೆ ಹೋಗುತ್ತೇನೆ. ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. 60 ಕಿಲೋ ತೂಕದ ಗಂಡಸು ಒಂದು ಕ್ವಾರ್ಟರ್ ಮುಗಿಸಿದರೆ ಅದು ಹೆಚ್ಚುಕಡಿಮೆ 150ಕ್ಕೆ ಏರುತ್ತದೆ. ಗಂಟೆಗೆ ಸುಮಾರು 15ರಂತೆ ಇಳಿಯುತ್ತದೆ. ರಾತ್ರಿ 10ಕ್ಕೆ ಕುಡಿದದ್ದು ಮಿತಿಗೆ ಬರುವಾಗ ಬೆಳಿಗ್ಗೆ 6. ಎರಡು ಕ್ವಾರ್ಟರ್ ಆಗಿದ್ದರೆ ಮರುದಿನ ಸಂಜೆ 4. ಮಲಗಿ ಎದ್ದು, ಸ್ನಾನ ಮಾಡಿ, ಮಿರ್ಚಿ ಮಂಡಕ್ಕಿ ತಿಂದು ಕೂತವನು ತಾನು ಸರಿಯಾಗಿದ್ದೇನೆ ಅಂತ ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಮಜ್ಜಿಗೆ, ನಿಂಬೆಹಣ್ಣು, ಕಾಫಿ ಯಾವುದೂ ಈ 15ನ್ನು 16 ಮಾಡುವುದಿಲ್ಲ.

ನೀತಿಯ ವಿಷಯದಲ್ಲಿ ಕರ್ನಾಟಕ ದೊಡ್ಡ ಪ್ರಯೋಗವನ್ನೇ ಮಾಡಿದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧ. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವರು ಏನಾದರು ಅನ್ನೋದಕ್ಕೆ ಮೇಜಿನ ಮೇಲಿರುವ ಈ ನೈಂಟಿಯೇ ಉತ್ತರ. ಅಗ್ಗದ ಬ್ರ್ಯಾಂಡಿನ ಮದ್ಯ ಅದೇ ಜೇಬಿಗೆ ಹೊಂದುವ ಅಳತೆಯಲ್ಲಿ ಬಂತು. ನಿಷೇಧಿಸಿದ್ದು ಒಂದು ಹೆಸರನ್ನ, ಗ್ರಾಂ ಹಾಗೇ ಉಳಿಯಿತು. ಇನ್ನೊಂದು ಕಡೆ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿಗೆ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಹಾಗಂತ ನಿಷೇಧ ಕೇಳುವ ಹೆಂಗಸರಿಗೆ ಲೆಕ್ಕ ಗೊತ್ತಿಲ್ಲ ಅಂತ ತಿಳಿಯಬೇಡಿ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ನಡೆದೇ ಹೋದರು. ಪೂರ್ತಿ ಪಾನನಿಷೇಧ ಅವರ ಬೇಡಿಕೆ. ಅದರ ಕೆಳಗೆ, ಕಿರಾಣಿ ಅಂಗಡಿಯಲ್ಲಿ ಲೈಸೆನ್ಸ್ ಇಲ್ಲದೆ ಮಾರುವುದನ್ನ ಮೊದಲು ನಿಲ್ಲಿಸಿ ಅನ್ನೋ ದೂರು ಹಳ್ಳಿಹಳ್ಳಿಯದು. ನಮ್ಮ ಸಂಶೋಧಕರು ಅಂಗಡಿಗಳ ನಕ್ಷೆ ಮಾಡುವಾಗ ಅಬಕಾರಿ ಇಲಾಖೆಯ ಪಟ್ಟಿ ತಂದು ಸಿಎಲ್-2 (ಚಿಲ್ಲರೆ ಅಂಗಡಿ), ಸಿಎಲ್-9 (ಬಾರ್), ಸರ್ಕಾರದ ಎಂಎಸ್‌ಐಎಲ್ ಮಳಿಗೆ ಅಂತ ಚುಕ್ಕೆ ಇಡುತ್ತಾರೆ. ಆ ಹೆಂಗಸರು ದೂರಿದ ಅಂಗಡಿ ಯಾವ ಪಟ್ಟಿಯಲ್ಲೂ ಇಲ್ಲ.

ಆ ಅಂಗಡಿ ಮುಖ್ಯ ಯಾಕೆ ಅಂದರೆ ಹೊತ್ತಿನ ಕಾರಣಕ್ಕೆ. ಲೈಸೆನ್ಸ್ ಇರುವ ಅಂಗಡಿ ಬೆಳಿಗ್ಗೆ 10ಕ್ಕೆ ಮೊದಲು ತೆರೆಯುವಂತಿಲ್ಲ. ಬೆಳಿಗ್ಗೆ 6ಕ್ಕೆ ನೈಂಟಿ ಬೇಕಾಗುವುದು ಯಾರಿಗೆ? ಖುಷಿಗೆ ಕುಡಿಯುವವರಿಗಲ್ಲ, ಕೈ ನಡುಗುವವರಿಗೆ. ಊರಿನಲ್ಲಿ 10 ಗಂಟೆಗೆ ಮೊದಲು ಎಷ್ಟು ಪ್ಯಾಕ್ ಮಾರಾಟವಾಗುತ್ತದೆ ಅನ್ನುವುದು ಆ ಊರಿನಲ್ಲಿ ಅವಲಂಬಿತರು ಎಷ್ಟಿದ್ದಾರೆ ಅನ್ನುವುದಕ್ಕೆ ಹತ್ತಿರದ ಅಳತೆ. ಅಂಗಡಿಯವರು ಹೇಳುವುದಿಲ್ಲ. ಹಿಂದಿನ ಓಣಿಯಲ್ಲಿ ಬಿದ್ದ ಖಾಲಿ ಪ್ಯಾಕನ್ನ ಬೆಳಿಗ್ಗೆ 5ಕ್ಕೆ ಒಮ್ಮೆ ಗುಡಿಸಿ, 10ಕ್ಕೆ ಮತ್ತೊಮ್ಮೆ ಎಣಿಸಿದರೆ ಓಣಿಯೇ ಹೇಳುತ್ತದೆ.

2016ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂದಿತ್ತು, ಸಣ್ಣ ಊರುಗಳಿಗೆ ಅದು 220 ಮೀಟರಿಗೆ ಇಳಿಯಿತು, ಆಮೇಲೆ ನಗರ ಮಿತಿಗೆ ವಿನಾಯಿತಿ ಬಂತು. ಅದರ ಕತೆ ಅಷ್ಟು. ಬೆಲೆಯ ಕತೆ ಇನ್ನೂ ಗಟ್ಟಿ. 2025-26ರ ಬಜೆಟ್ಟಿನಲ್ಲಿ ರಾಜ್ಯ ಇಟ್ಟುಕೊಂಡ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ವರ್ಷಗಟ್ಟಲೆ ನಡೆದು ಬಂದ ಸ್ಲ್ಯಾಬ್ ಪದ್ಧತಿಯಲ್ಲಿ ಸುಂಕ ನಿಂತದ್ದು ಕಂಪನಿ ಘೋಷಿಸುವ ಬೆಲೆಯ ಮೇಲೆ. ಬಾಟಲಿಯೊಳಗಿನ ಆಲ್ಕೋಹಾಲಿನ ಗ್ರಾಂ ಮೇಲೆ ಅಲ್ಲ. ಹಾಗಾಗಿ ಅತಿ ಅಗ್ಗವಾಗಿ 30 ಗ್ರಾಂ ಎಲ್ಲಿ ಸಿಗುತ್ತದೆ ಅಂತ ಹುಡುಕಿದರೆ ದಾರಿ ಮತ್ತೆ ನೈಂಟಿಗೇ ಬರುತ್ತದೆ. ಗ್ರಾಂಗೆ ಇಷ್ಟು ಅಂತ ಕನಿಷ್ಠ ಬೆಲೆ ನಿಗದಿ ಮಾಡಿದರೆ ಅತಿ ಹೆಚ್ಚು ಕುಡಿಯುವವರ ಕೈ ಮೊದಲು ಹಿಂದೆ ಸರಿಯುತ್ತದೆ ಅನ್ನುವ ವಾದಕ್ಕೆ ಸ್ಕಾಟ್ಲೆಂಡಿನ ಆಧಾರವಿದೆ. ನಮ್ಮಲ್ಲಿ ಅದೇ ಬೆಲೆ ಮನೆಯ ಅಕ್ಕಿಯ ದುಡ್ಡಿನಿಂದ ಹೋಗುತ್ತದೆಯೇ ಅನ್ನುವುದನ್ನ ಹೆಂಗಸರನ್ನ ಕೇಳಿ ಅಳೆಯಬೇಕು.

ಕೊನೆಗೆ, ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ. ಅಂಗಡಿಗಳಿಗೆ ಮದ್ಯ ಪೂರೈಸುವ ರಾಜ್ಯ ಪಾನೀಯ ನಿಗಮ ಅದನ್ನ ಪೆಟ್ಟಿಗೆಯಲ್ಲಿ ಎಣಿಸುತ್ತದೆ. ಕ್ವಾರ್ಟರಿನ ಒಂದು ಪೆಟ್ಟಿಗೆಯಲ್ಲಿ 48 ಬಾಟಲಿ, 8.64 ಲೀಟರ್. ಡ್ರಿಂಕ್ ಲೆಕ್ಕದಲ್ಲಿ ಸುಮಾರು 290. ಬಿಯರಿನ 12 ಬಾಟಲಿಯ ಪೆಟ್ಟಿಗೆ 7.8 ಲೀಟರ್, ಸ್ಟ್ರಾಂಗ್ ಆದರೆ 49 ಡ್ರಿಂಕ್. ಮಾಹಿತಿ ಹಕ್ಕಿನಲ್ಲಿ 24 ತಿಂಗಳ ಮಾರಾಟ ತಾಲ್ಲೂಕುವಾರು ಕೇಳಿ, ಡ್ರಿಂಕಿಗೆ ತಿರುಗಿಸಿ, ಪಕ್ಕದಲ್ಲಿ ಆಸ್ಪತ್ರೆಯ ತಿಂಗಳವಾರು ಲೆಕ್ಕ ಇಡಿ: ಯಕೃತ್ತಿನ ರೋಗಿಗಳು, ಫಿಟ್ಸ್, ರಾತ್ರಿಯ ಅಪಘಾತ. ಶ್ರಾವಣ, ಯುಗಾದಿ, ಮೆಕ್ಕೆಜೋಳದ ಹಣ ರೈತರ ಕೈಗೆ ಬರುವ ತಿಂಗಳು ಗುರುತು ಹಾಕಿ. ಚಿತ್ರದುರ್ಗ ಜಿಲ್ಲೆ ಆರಿಸಿಕೊಂಡರೆ ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರಿನ ಅಂಕಿಗಳ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟುಕೊಳ್ಳಿ. 2019ರಿಂದ 2024ರವರೆಗೆ ಆಂಧ್ರದಲ್ಲಿ ಸರ್ಕಾರಿ ಅಂಗಡಿಗಳಿದ್ದು ಬೆಲೆ ಏರಿದ್ದಾಗ ನಮ್ಮ ನೈಂಟಿ ಪ್ಯಾಕು ಗಡಿ ದಾಟಿ ಅನಂತಪುರದ ಕಡೆ ಹೋಗುತ್ತಿತ್ತು. ಆ ತಾಲ್ಲೂಕುಗಳಲ್ಲಿ ಮಾರಿದ್ದನ್ನೆಲ್ಲ ಆ ತಾಲ್ಲೂಕಿನವರೇ ಕುಡಿದರು ಅಂತ ಬರೆದರೆ ಮೊದಲ ಪುಟದಲ್ಲೇ ಲೆಕ್ಕ ತಪ್ಪುತ್ತದೆ.